ಅಕ್ಕ ಅತ್ತಳು, ನಾನು ಕೂಗಾಡಿದೆ

ಅಕ್ಕಂಗೆ ಹೆರಿಗೆ ಆಗಿದ್ದು 2017ರ ಜೂನ್‌ನಲ್ಲಿ. ಹೆಣ್ಣು ಮಗು, ಎರಡು ಮುಕ್ಕಾಲು ಕೆಜಿ, ನಾರ್ಮಲ್ ಡೆಲಿವರಿ. ನಮ್ಮೂರು ತಿಪಟೂರು ಹತ್ರ. ನಮ್ಮ ಕಡೆ ಬಾಣಂತನ ಅಂದ್ರೆ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬೆಳಗ್ಗೆದ್ದು ಹಂಡೆ ನೀರು ಎರೆದು ಸಾಂಬ್ರಾಣಿ ಹೊಗೆ ಕೊಟ್ಟು ಗಾಳಿ ಆಡದಿರೋ ರೂಮಲ್ಲಿ ಬೆಚ್ಚಗೆ ಮಲಗಿಸೋದು, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ, ಕುಡಿಯೋ ನೀರು ಮಾತ್ರ ಲೆಕ್ಕ ಹಾಕಿ ಕೊಡೋದು. ಅಮ್ಮ ಒಂದನ್ನೂ ತಪ್ಪಿಸದೆ ಮಾಡಿದ್ರು. ಮೈಗೆ ಏನೇನು ಆಗಬೇಕು ಅಂತ ಹಿರಿಯರು ಹೇಳ್ಕೊಂಡು ಬಂದಿದ್ರೋ ಎಲ್ಲಾ ಆಯ್ತು.

ಮೂರನೇ ದಿನಕ್ಕೆ ಅಕ್ಕ ಅಳೋಕೆ ಶುರು ಮಾಡಿದ್ಲು. ಅದು ಮಾಮೂಲಿನೇ, ಹೆತ್ತ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಒಂದು ವಾರ ಹತ್ತು ದಿನ ಕಾರಣ ಇಲ್ಲದೆ ಕಣ್ಣಲ್ಲಿ ನೀರು ಬರುತ್ತಂತೆ, ಆಮೇಲೆ ತಾನಾಗೇ ಹೋಗುತ್ತಂತೆ. ಅಕ್ಕಂದು ಹೋಗ್ಲಿಲ್ಲ. ತೊಟ್ಟಿಲು ಶಾಸ್ತ್ರದ ದಿನ ಮನೆ ತುಂಬ ಜನ, ಎಲ್ಲರೂ ಸೋಬಾನೆ ಹಾಡ್ತಿದ್ರೆ ಅವಳು ಗೋಡೆ ನೋಡ್ಕೊಂಡು ಕೂತಿದ್ಲು. ಮಗು ಅತ್ರೆ ಎದ್ದು ಕೂರ್ತಿದ್ಲು, ಆದ್ರೆ ಎತ್ಕೋತಿರ್ಲಿಲ್ಲ, ಕೈ ಮುಂದೆ ಚಾಚಿ ಹಂಗೇ ಹಿಂದಕ್ಕೆ ತಗೋತಿದ್ಲು. ಒಂದಿನ ರಾತ್ರಿ ನಾನು ನೀರು ಕುಡಿಯೋಕೆ ಎದ್ದಾಗ "ಲೋ, ಇದಕ್ಕೆ ನಾನಲ್ಲದೆ ಬೇರೆ ಯಾರಾದ್ರೂ ತಾಯಿ ಆಗಿದ್ರೆ ಚೆನ್ನಾಗಿರ್ತಿತ್ತು ಕಣೋ" ಅಂದ್ಲು. ನಂಗೆ ಏನು ಹೇಳ್ಬೇಕು ಗೊತ್ತಾಗ್ಲಿಲ್ಲ, ಮಲ್ಕೊ ಅಕ್ಕ ಅಂದು ಬಂದುಬಿಟ್ಟೆ.

ಮನೇಲಿ ಒಬ್ಬೊಬ್ರು ಒಂದೊಂದು ಹೇಳಿದ್ರು. ಗಂಡಾಗ್ಲಿಲ್ಲ ಅಂತ ಬೇಜಾರು ಅಂದ್ರು, ಗಾಳಿ ಸೋಕಿದೆ ಅಂತ ತಾಯತ ಕಟ್ಸಿದ್ರು, ಅತ್ತೆ ಒಬ್ರು ಬಾಯಿ ಮೇಲೆ ಸೆರಗು ಇಟ್ಕೊಂಡು ಬಾಣಂತಿ ಸನ್ನಿ ಅಂದ್ರು. ಈ ಪದದ ಬಗ್ಗೆ ಸ್ವಲ್ಪ ಹೇಳ್ಬೇಕು. ಬಾಣಂತಿ ಸನ್ನಿ ಅಂತ ನಮ್ಮೋರು ಹೆಸರು ಇಟ್ಟಿದ್ದು ನಿಜವಾದ ಕಾಯಿಲೆಗೇ, ಡಾಕ್ಟ್ರು ಅದನ್ನ ಪೋಸ್ಟ್‌ಪಾರ್ಟಮ್ ಸೈಕೋಸಿಸ್ ಅಂತಾರೆ, 1000 ಬಾಣಂತಿಯರಲ್ಲಿ ಒಬ್ರಿಗೋ ಇಬ್ರಿಗೋ ಬರುತ್ತೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲೇ, ನಿದ್ದೆ ಪೂರ್ತಿ ಹಾರಿಹೋಗಿ ಇಲ್ಲದ್ದು ಕೇಳ್ಸೋದು, ಏನೇನೋ ಮಾತಾಡೋದು, ಅದು ಎಮರ್ಜೆನ್ಸಿ, ಅವತ್ತೇ ಆಸ್ಪತ್ರೆಗೆ ಹೋಗ್ಬೇಕು. ಆದ್ರೆ ಹೆರಿಗೆ ನಂತರದ ಡಿಪ್ರೆಶನ್ ಬೇರೆ. ಅದು ಮೆಲ್ಲಗೆ ಬರುತ್ತೆ, ಗಲಾಟೆ ಮಾಡಲ್ಲ, ಭಾರತದಲ್ಲಿ ನಡೆದ 38 ಸ್ಟಡಿಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ 100ಕ್ಕೆ 22 ತಾಯಂದಿರಲ್ಲಿ ಇತ್ತು ಅಂತ 2017ರಲ್ಲಿ ಡಬ್ಲ್ಯುಎಚ್‌ಒ ಪತ್ರಿಕೆಲಿ ಬಂತು. ನಮ್ಮ ಭಾಷೇಲಿ 1000ಕ್ಕೆ ಒಬ್ರಿಗೆ ಬರೋದಕ್ಕೆ ಹೆಸರಿದೆ, 100ಕ್ಕೆ 22 ಜನಕ್ಕೆ ಬರೋದಕ್ಕೆ ಹೆಸರಿಲ್ಲ. ಅದಕ್ಕೇ ಅಕ್ಕಂದು ಸನ್ನಿ ಥರ ಕಾಣ್ಲಿಲ್ಲ ಅಂತ ಗೊತ್ತಾದ್ಮೇಲೆ ಎಲ್ಲರೂ ಸುಮ್ಮನಾದ್ರು, ಏನೂ ಇಲ್ಲ ಅಂತ.

ಊರಲ್ಲಿ ತೋರಿಸಿದ ಒಬ್ಬ ಡಾಕ್ಟ್ರು "ಹಾರ್ಮೋನು ಕಣಮ್ಮ, ಸರಿಹೋಗುತ್ತೆ" ಅಂತ ಟಾನಿಕ್ ಬರ್ಕೊಟ್ಟು ಕಳಿಸಿದ್ರು. ಮೂರು ತಿಂಗಳು ಹಂಗೇ ಹೋಯ್ತು. ಕೊನೆಗೆ ಗುರುತು ಹಿಡಿದಿದ್ದು ನಮ್ಮ ಆಶಾ ಕಾರ್ಯಕರ್ತೆ. ಇಂಜೆಕ್ಷನ್‌ಗೆ ಕರೆಯೋಕೆ ಬಂದೋರು ಮಗು ನೋಡೋದು ಬಿಟ್ಟು ಅಕ್ಕನ ಮುಖ ನೋಡಿ ಪಕ್ಕದಲ್ಲಿ ಕೂತ್ಕೊಂಡು ಅರ್ಧ ಗಂಟೆ ಮಾತಾಡಿದ್ರು, ಹೋಗ್ವಾಗ ಅಮ್ಮಂಗೆ "ಮಂಗಳವಾರ ತಾಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟ್ರು ಬರ್ತಾರೆ, ಕರ್ಕೊಂಡ್ಹೋಗಿ, ತಡ ಮಾಡ್ಬೇಡಿ" ಅಂದ್ರು. ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ ಇದೆ, 2014ರಲ್ಲಿ ಶುರುವಾಗಿದ್ದು, ನಮಗೆ ಅಲ್ಲಿವರೆಗೂ ಗೊತ್ತೇ ಇರ್ಲಿಲ್ಲ. ಆ ಡಾಕ್ಟ್ರು ಹಾಲು ಕುಡಿಸೋ ತಾಯಂದಿರಿಗೂ ಕೊಡಬಹುದಾದ ಸರ್ಟ್ರಾಲಿನ್ ಅನ್ನೋ ಡಿಪ್ರೆಶನ್ ಮಾತ್ರೆ ಶುರು ಮಾಡಿ, ಭಾವನ್ನ ಕರೆಸಿ ರಾತ್ರಿ ಒಂದು ಹೊತ್ತು ಮಗು ನೋಡ್ಕೋಬೇಕು, ಇವಳಿಗೆ ನಾಲ್ಕು ಗಂಟೆ ಒಂದೇ ಸಮ ನಿದ್ದೆ ಆಗ್ಬೇಕು ಅಂತ ಖಡಕ್ಕಾಗಿ ಹೇಳಿದ್ರು. ದಸರಾ ಹೊತ್ತಿಗೆ ಸ್ವಲ್ಪ, ದೀಪಾವಳಿ ಹೊತ್ತಿಗೆ ಇನ್ನೂ ಸ್ವಲ್ಪ, ಸಂಕ್ರಾಂತಿಗೆ ಅಕ್ಕ ಮಗೂನ ಸೊಂಟದ ಮೇಲೆ ಕೂರಿಸ್ಕೊಂಡು ಎಳ್ಳು ಬೀರೋಕೆ ಹೊರಟ್ಲು. ಅಮ್ಮ ಬಾಗಿಲಲ್ಲಿ ನಿಂತು ನೋಡ್ತಾ ನೋಡ್ತಾ ಅತ್ತುಬಿಟ್ರು.

ಆಗಿಂದ ನಾನು ಈ ವಿಷಯ ಓದೋಕೆ ಶುರು ಮಾಡಿದೆ. ಕಾರಣ ಚಿಕ್ಕಪ್ಪ ಹೇಳಿದ ಒಂದು ಮಾತು. "ಹೆಂಗಸರ ಮಿದುಳೇ ಹಂಗೆ ಕಣೋ, ಮೆತ್ತಗೆ" ಅಂದಿದ್ರು. ಕೆಟ್ಟ ಮನಸ್ಸಿಂದ ಅಂದಿದ್ದಲ್ಲ, ಸಮಾಧಾನ ಹೇಳೋಕೆ ಅಂದಿದ್ದು. ನಂಗೆ ಅದು ತಲೇಲಿ ಕೂತ್ಬಿಡ್ತು, ನಿಜಾನಾ ಇದು ಅಂತ.

ಮಿದುಳಲ್ಲಿ ವ್ಯತ್ಯಾಸ ಇದ್ಯಾ ಅಂದ್ರೆ ಇದೆ, ಸರಾಸರಿಲಿ ಗಂಡಸರ ಮಿದುಳು 100ಕ್ಕೆ 11ರಷ್ಟು ದೊಡ್ಡದು, ಆದ್ರೆ ಗಂಡಸರ ಮೈಕಟ್ಟೇ ದೊಡ್ಡದಲ್ವಾ, ಆ ಲೆಕ್ಕ ತೆಗೆದ್ರೆ ಉಳಿಯೋದು ತೀರಾ ಕಮ್ಮಿ. 2015ರಲ್ಲಿ ಇಸ್ರೇಲಿನ ಟೆಲ್ ಅವಿವ್ ಯೂನಿವರ್ಸಿಟಿಯ ಡಾಫ್ನಾ ಜೋಯಲ್ ಅನ್ನೋರು 1400ಕ್ಕೂ ಜಾಸ್ತಿ ಜನರ ಎಂಆರ್‌ಐ ಸ್ಕ್ಯಾನ್ ಇಟ್ಕೊಂಡು ನೋಡಿದ್ರು, ಯಾವ್ಯಾವ ಭಾಗ ಗಂಡಸರಲ್ಲಿ ದೊಡ್ಡದು, ಯಾವುದು ಹೆಂಗಸರಲ್ಲಿ ದೊಡ್ಡದು ಅಂತ ಗುರುತು ಹಾಕಿ, ಆಮೇಲೆ ಒಂದೊಂದೇ ಮಿದುಳಲ್ಲಿ ಅವೆಲ್ಲಾ ಒಂದೇ ಕಡೆ ವಾಲ್ತಾವಾ ಅಂತ. ಪೂರ್ತಿ ಗಂಡು ಕಡೆ ಇಲ್ಲಾ ಪೂರ್ತಿ ಹೆಣ್ಣು ಕಡೆ ಇದ್ದ ಮಿದುಳು ಸಿಕ್ಕಿದ್ದು ಬೆರಳೆಣಿಕೆ, ಹೆಚ್ಚಿನೋರದ್ದು ಎರಡೂ ಬೆರೆತ ಕೌದಿ. ಅಜ್ಜಿ ಹೊಲಿಯೋ ಕೌದಿ ಇರುತ್ತಲ್ಲ, ಒಂದು ತುಂಡು ಅಪ್ಪನ ಪಂಚೆದು, ಒಂದು ಅಮ್ಮನ ಹಳೇ ಸೀರೆದು, ಅದನ್ನ ಗಂಡಸಿನ ಕೌದಿ ಹೆಂಗಸಿನ ಕೌದಿ ಅಂತ ಹೇಗೆ ಹೇಳ್ತೀರಿ.

ಹಾಗಂತ ದೇಹದ ಪಾತ್ರ ಏನೂ ಇಲ್ಲ ಅಂತ ನಾನು ಹೇಳಲ್ಲ, ಅದೂ ತಪ್ಪೇ ಆಗುತ್ತೆ. ಡಿಪ್ರೆಶನ್ ಚಿಕ್ಕ ಮಕ್ಕಳಲ್ಲಿ ಗಂಡು ಹೆಣ್ಣು ಹೆಚ್ಚುಕಮ್ಮಿ ಸಮ, ಮೈನೆರೆಯೋ ವಯಸ್ಸು ದಾಟಿದ್ಮೇಲೆ ಹೆಣ್ಣುಮಕ್ಕಳಲ್ಲಿ ಹತ್ರ ಹತ್ರ ಎರಡು ಪಟ್ಟಾಗುತ್ತೆ. ಹೆರಿಗೆ ಆದ ಎರಡು ಮೂರು ದಿನದಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಎರಡೂ ಬಾವಿಗೆ ಕಲ್ಲು ಬಿದ್ದ ಹಾಗೆ ಕೆಳಗಿಳಿಯುತ್ತೆ. ಇದರ ಬಗ್ಗೆ 2000ನೇ ಇಸವಿಲಿ ಅಮೆರಿಕದಲ್ಲಿ ಒಂದು ಪ್ರಯೋಗ ಬಂತು, ನಂಗೆ ತುಂಬ ಮುಖ್ಯ ಅನ್ಸಿದ್ದು ಅದು. ಗರ್ಭಿಣಿ ಅಲ್ಲದ 16 ಹೆಂಗಸರನ್ನ ತಗೊಂಡ್ರು, ಅದರಲ್ಲಿ 8 ಜನಕ್ಕೆ ಹಿಂದೆ ಬಾಣಂತಿ ಡಿಪ್ರೆಶನ್ ಆಗಿತ್ತು, 8 ಜನಕ್ಕೆ ಆಗಿರ್ಲಿಲ್ಲ. ಎಲ್ಲರಿಗೂ ಬಸುರಿಲಿ ಇರೋಷ್ಟು ಹಾರ್ಮೋನ್ ಕೊಟ್ಟು ಆಮೇಲೆ ಥಟ್ಟಂತ ನಿಲ್ಲಿಸಿದ್ರು. ಮೊದಲೇ ಆಗಿದ್ದ 8ರಲ್ಲಿ 5 ಜನಕ್ಕೆ ಮನಸ್ಸು ಕುಸೀತು, ಇನ್ನೊಂದು ಗುಂಪಲ್ಲಿ ಒಬ್ರಿಗೂ ಏನೂ ಆಗ್ಲಿಲ್ಲ. ಸಣ್ಣ ಸ್ಟಡಿನೇ, ಆದ್ರೆ ಅರ್ಥ ಏನು ಅಂದ್ರೆ ಹಾರ್ಮೋನ್ ಎಲ್ಲಾ ಬಾಣಂತಿಯರಲ್ಲೂ ಇಳಿಯುತ್ತೆ, ಕೆಲವರ ಮಿದುಳು ಮಾತ್ರ ಆ ಇಳಿತಕ್ಕೆ ಬೇಗ ಮಿಡಿಯುತ್ತೆ. ಅಂದ್ಮೇಲೆ ಇದು ಹೆಂಗಸರ ಸ್ವಭಾವ ಅಂತ ಹೇಗಾಗುತ್ತೆ, ಪಕ್ಕದ ಮನೆ ಬಾಣಂತಿ ಗಟ್ಟಿಗಿತ್ತಿ ನಮ್ಮವಳು ಮೆತ್ತಗೆ ಅನ್ನೋ ಮಾತು ಹೇಗಾಗುತ್ತೆ? ಬರೀ ಹಾರ್ಮೋನು ಸರಿಹೋಗುತ್ತೆ ಅಂತ ಕಳಿಸೋ ಹಾಗೂ ಇಲ್ಲ, ಯಾಕಂದ್ರೆ ಹಾರ್ಮೋನ್ ಅಂತ ಗೊತ್ತಿದ್ರೆ ಇನ್ನೂ ಬೇಗ ಚಿಕಿತ್ಸೆ ಕೊಡ್ಬೇಕಲ್ವಾ. ಪ್ರೊಜೆಸ್ಟರಾನ್‌ನಿಂದ ಮಿದುಳಲ್ಲಿ ತಯಾರಾಗೋ ಒಂದು ವಸ್ತುವಿನ ಥರಾನೇ ಕೆಲಸ ಮಾಡೋ ಝುರಾನೊಲೋನ್ ಅಂತ ಮಾತ್ರೆ, 14 ದಿನದ ಕೋರ್ಸು, ಬಾಣಂತಿ ಡಿಪ್ರೆಶನ್‌ಗೆ ಕೊಡೋಕೆ ಅದಕ್ಕೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ತು.

ಇಷ್ಟು ತಡ ಯಾಕೆ ಅಂತ ಹುಡುಕಿದ್ರೆ ಅಲ್ಲೂ ಬೇಜಾರಾಗುತ್ತೆ. ಮಿದುಳಿನ ಬಗ್ಗೆ ಪ್ರಾಣಿಗಳ ಮೇಲೆ ಮಾಡಿದ ಸಂಶೋಧನೆಗಳನ್ನ 2011ರಲ್ಲಿ ಇಬ್ರು ವಿಜ್ಞಾನಿಗಳು ಎಣಿಸಿದಾಗ ಬರೀ ಗಂಡು ಪ್ರಾಣಿ ಇಟ್ಕೊಂಡು ಮಾಡಿದ್ದು ಬರೀ ಹೆಣ್ಣು ಪ್ರಾಣಿ ಮೇಲೆ ಮಾಡಿದ್ದಕ್ಕಿಂತ ಐದೂವರೆ ಪಟ್ಟು ಜಾಸ್ತಿ ಇತ್ತು. ಜೋಲ್ಪಿಡೆಮ್ ಅನ್ನೋ ನಿದ್ದೆ ಮಾತ್ರೆ ಹೆಂಗಸರ ರಕ್ತದಲ್ಲಿ ಬೆಳಗಿನವರೆಗೂ ಜಾಸ್ತಿ ಉಳಿಯುತ್ತೆ, ಅವರಿಗೆ ಡೋಸ್ ಅರ್ಧ ಮಾಡಿ ಅಂತ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡೋ ಎಫ್‌ಡಿಎ ಹೇಳಿದ್ದು 2013ರಲ್ಲಿ, ಮಾತ್ರೆ ಮಾರ್ಕೆಟ್ಟಿಗೆ ಬಂದು 20 ವರ್ಷ ಆದ್ಮೇಲೆ.

ಇನ್ನೊಂದು ಮಾತು, ಇದು ದೇಹದ್ದಲ್ಲ ಮನೇದು. ನಮ್ಮ ಪಕ್ಕದ ಗೋವಾದಲ್ಲಿ ಮನಸ್ಸಿನ ಡಾಕ್ಟ್ರು ವಿಕ್ರಮ್ ಪಟೇಲ್ ಮತ್ತೆ ಅವರ ಜೊತೆಯೋರು 270 ಗರ್ಭಿಣಿಯರನ್ನ ಸೇರಿಸ್ಕೊಂಡು ಹೆರಿಗೆ ಆದ್ಮೇಲೂ ನೋಡಿದ್ರು, 2002ರಲ್ಲಿ ಬರೆದ್ರು, 100ಕ್ಕೆ 23 ಜನಕ್ಕೆ ಡಿಪ್ರೆಶನ್. ಯಾರಿಗೆ ಜಾಸ್ತಿ ಅಂದ್ರೆ ಬಡತನ ಇದ್ದೋರಿಗೆ, ಗಂಡನ ಹತ್ರ ಏಟು ತಿಂದೋರಿಗೆ, ಗಂಡು ಬೇಕು ಅಂತಿದ್ದು ಹೆಣ್ಣು ಹುಟ್ಟಿದೋರಿಗೆ. ಗಂಡಾಗ್ಲಿಲ್ಲ ಅಂತ ಬೇಜಾರು ಅಂದಿದ್ರಲ್ಲ ನಮ್ಮೋರು, ಅದರಲ್ಲಿ ಒಂದು ಚೂರು ಸತ್ಯ ಇತ್ತು, ಬೇಜಾರು ಅಕ್ಕಂದಲ್ಲ ಅಷ್ಟೆ. ಸುತ್ತ ಇದ್ದೋರದ್ದು, ಅವಳು ಅದನ್ನ ದಿನಾ ಮಲ್ಕೊಂಡಲ್ಲೇ ಕೇಳಿಸ್ಕೋತಿದ್ಲು.

ಇದೆಲ್ಲಾ ಓದಿ ನಾನು ನಮ್ಮ ನೆಂಟರಿಷ್ಟರಲ್ಲಿ ಈ ವಿಷಯ ಗೊತ್ತಿರೋನು ಅಂತ ಆಗಿದ್ದೆ. ಯಾರಾದ್ರೂ ಬಸುರಿ ಆದ್ರೆ ಫೋನ್ ಮಾಡಿ ಹೇಳ್ತಿದ್ದೆ, ಹೀಗೀಗಾದ್ರೆ ತೋರಿಸಿ ಅಂತ. ಅಷ್ಟು ಗೊತ್ತಿದ್ದೂ 2022ರಲ್ಲಿ ನಂಗೇ ಅದೇ ಕಾಯಿಲೆ ಬಂದಾಗ ನಂಗೆ ಗೊತ್ತಾಗ್ಲಿಲ್ಲ.

ಆಗ ನಾನು ಪೀಣ್ಯದಲ್ಲಿ ಒಂದು ಫ್ಯಾಕ್ಟರಿಲಿ ಕ್ವಾಲಿಟಿ ಸೆಕ್ಷನ್‌ನಲ್ಲಿದ್ದೆ. ಕೋವಿಡ್ ಆದ್ಮೇಲೆ ಆರ್ಡರ್ ಕಮ್ಮಿಯಾಗಿ ಜನ ತೆಗೆದಿದ್ರು, ಉಳಿದೋರಿಗೆ ಎರಡರಷ್ಟು ಕೆಲಸ, ಊರಲ್ಲಿ ಮನೆ ಸಾಲ ಬೇರೆ. ನಂಗೆ ಅಳು ಬರ್ತಿರ್ಲಿಲ್ಲ. ದುಃಖನೂ ಆಗ್ತಿರ್ಲಿಲ್ಲ, ಯಾರಾದ್ರೂ ಕೇಳಿದ್ರೆ ಚೆನ್ನಾಗಿದೀನಿ ಅಂತಿದ್ದೆ, ಸುಳ್ಳು ಹೇಳ್ತಿದೀನಿ ಅಂತ ಅನ್ನಿಸ್ತಾನೂ ಇರ್ಲಿಲ್ಲ. ಆಗ್ತಿದ್ದಿದ್ದು ಸಿಟ್ಟು. ಸಾರಿಗೆ ಉಪ್ಪು ಕಮ್ಮಿ ಅಂತ ಹೆಂಡತಿ ಮೇಲೆ ಕೂಗಾಡಿ ತಟ್ಟೆ ತಳ್ಳಿ ಎದ್ದು ಹೋಗಿದೀನಿ. ರಾತ್ರಿ 11ಕ್ಕೆ ಶಿಫ್ಟ್ ಮುಗಿಸಿ ತುಮಕೂರು ರೋಡಲ್ಲಿ ಗಾಡಿನ 100ರ ಮೇಲೆ ಓಡಿಸ್ತಿದ್ದೆ, ಹೆಲ್ಮೆಟ್ ಟ್ಯಾಂಕ್ ಮೇಲೆ. ಶನಿವಾರ ಮಾತ್ರ ಇದ್ದ ಕುಡಿತ ವಾರದಲ್ಲಿ ನಾಲ್ಕು ದಿನ ಆಯ್ತು. ಬೆನ್ನು ನೋವು ಅಂತ ಮೂಳೆ ಡಾಕ್ಟ್ರ ಹತ್ರ ಎರಡು ಸಲ ಹೋದೆ, ಎಕ್ಸ್‌ರೇಲಿ ಏನೂ ಇಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರ ಆದ್ರೆ ಮುಗೀತು. ನನ್ನ ಲೆಕ್ಕದಲ್ಲಿ ಇವೆಲ್ಲಾ ಬೇರೆ ಬೇರೆ ತೊಂದರೆಗಳು, ಬೆನ್ನಿಗೊಂದು ಡಾಕ್ಟ್ರು, ನಿದ್ದೆಗೊಂದು ಕ್ವಾರ್ಟರ್, ಸಿಟ್ಟಿಗೆ ಹೆಂಡತಿ ಕಾರಣ.

ನನ್ನ ಹೆಂಡತಿ ಇದನ್ನ ಯಾರಿಗೂ ಹೇಳ್ಕೊಂಡಿರ್ಲಿಲ್ಲ, ಒಂದಿನ ತಡೆಯೋಕಾಗದೆ ಅಕ್ಕಂಗೆ ಫೋನ್ ಮಾಡಿದ್ಲಂತೆ. ಅಕ್ಕ ಮಾರನೇ ದಿನ ಬೆಳಗ್ಗೆ ಬಸ್ಸು ಹತ್ತಿ ಬಂದ್ಲು. ಬೈಲಿಲ್ಲ. ಊಟ ಮಾಡಿ ಆದ್ಮೇಲೆ ಟೆರೇಸ್ ಮೇಲೆ ಕರ್ಕೊಂಡ್ಹೋಗಿ "ನಿಂಗೆ ಯಾವುದಾದ್ರೂ ಒಂದು ವಿಷಯಕ್ಕೆ ಖುಷಿಯಾಗಿ ಎಷ್ಟು ದಿನ ಆಯ್ತು ಹೇಳು" ಅಂದ್ಲು. ನಾನು ಯೋಚನೆ ಮಾಡಿದೆ. ಮಾಡ್ತಾನೇ ಇದ್ದೆ. ಕೆಳಗಡೆ ಪಕ್ಕದ ಮನೆಯೋರು ಬಟ್ಟೆ ಎಲ್ಲಾ ಒಣಗಿಸಿ ಒಳಗೆ ಹೋದ್ರು, ನಂಗೆ ಉತ್ತರ ಸಿಗ್ಲಿಲ್ಲ. "ನನ್ನ ಥರಾನೇ ಕಣೋ ನೀನು. ನಾನು ಅತ್ತೆ, ನೀನು ಕೂಗಾಡ್ತಿದೀಯ" ಅಂದ್ಲು.

ಡಾಕ್ಟ್ರ ಹತ್ರ ಹೋದಾಗ ಮೊದಲು ಕೇಳಿದ್ದು ಎಷ್ಟು ಕುಡೀತೀರಿ ಅಂತ, ಅದು ಕೇಳ್ಬೇಕಾದ್ದೇ. ಆದ್ರೆ ನನ್ನ ಪುಣ್ಯಕ್ಕೆ ಅವರು ಅಲ್ಲಿಗೇ ನಿಲ್ಲಿಸ್ದೆ ಯಾಕೆ ಕುಡೀತೀರಿ, ಯಾವಾಗಿಂದ, ಅದಕ್ಕೂ ಮುಂಚೆ ನಿದ್ದೆ ಹೇಗಿತ್ತು ಅಂತೆಲ್ಲಾ ಕೇಳಿದ್ರು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಇದೆ, 12 ರಾಜ್ಯಗಳಲ್ಲಿ 34,802 ದೊಡ್ಡೋರನ್ನ ಮಾತಾಡಿಸಿದ್ದು. ಅದರಲ್ಲಿ ಒಟ್ಟು ಮಾನಸಿಕ ತೊಂದರೆ ಗಂಡಸರಲ್ಲಿ 100ಕ್ಕೆ 13.9, ಹೆಂಗಸರಲ್ಲಿ 7.5. ಡಿಪ್ರೆಶನ್, ಆತಂಕ ಮಾತ್ರ ನೋಡಿದ್ರೆ ಹೆಂಗಸರೇ ಜಾಸ್ತಿ, ಗಂಡಸರ ಲೆಕ್ಕ ಮೇಲೆ ಹೋಗಿರೋದು ಕುಡಿತ ಮತ್ತೆ ಬೇರೆ ಚಟಗಳಿಂದ. ನಾನು ಆವತ್ತು ಯಾವುದಾದ್ರೂ ಸಮೀಕ್ಷೆಯೋರ ಕೈಗೆ ಸಿಕ್ಕಿದ್ರೆ ನನ್ನನ್ನ ಕುಡಿತದ ಕಾಲಮ್ಮಿಗೇ ಹಾಕ್ತಿದ್ರೇನೋ. ಅಂಥ ಕಾಲಮ್ಮಲ್ಲಿ ನನ್ನಂಥೋರು ಎಷ್ಟು ಜನ ಇದಾರೋ ಅನ್ನೋದು ನನ್ನನ್ನ ಬಿಟ್ಟು ಹೋಗದ ಪ್ರಶ್ನೆ.

ಸ್ವೀಡನ್ನಿನ ಗಾಟ್ಲೆಂಡ್ ಅನ್ನೋ ದ್ವೀಪದಲ್ಲಿ ನಡೆದ ಕಥೆ ಓದಿದಾಗ ನಂಗೆ ಮೈ ಜುಂ ಅಂತು. 1983-84ರಲ್ಲಿ ಅಲ್ಲಿನ ಊರ ಡಾಕ್ಟ್ರುಗಳಿಗೆಲ್ಲಾ ಡಿಪ್ರೆಶನ್ ಗುರುತು ಹಿಡಿಯೋ ಟ್ರೈನಿಂಗ್ ಕೊಟ್ರು, ಆತ್ಮಹತ್ಯೆಗಳು ಇಳಿದ್ವು. ಎಲ್ಲರಿಗೂ ಖುಷಿ. ಆಮೇಲೆ ಬಿಡಿಸಿ ನೋಡಿದ್ರೆ ಇಳಿದಿದ್ದು ಹೆಚ್ಚಾಗಿ ಹೆಂಗಸರದ್ದು, ಗಂಡಸರ ಲೆಕ್ಕ ಹೆಚ್ಚುಕಮ್ಮಿ ಹಂಗೇ ಇತ್ತು. ಯಾಕಂದ್ರೆ ಗಂಡಸರು ಡಾಕ್ಟ್ರ ಹತ್ರ ಬರ್ತಾನೇ ಇರ್ಲಿಲ್ಲ, ಬಂದ್ರೂ ಪುಸ್ತಕದಲ್ಲಿ ಬರೆದ ಹಾಗೆ ಬೇಜಾರು ಅಂತ ಹೇಳ್ತಿರ್ಲಿಲ್ಲ, ಸಿಟ್ಟು, ಕುಡಿತ, ಜಗಳ ಇಟ್ಕೊಂಡು ಬರ್ತಿದ್ರು. ಅದರಿಂದ ಕಲಿತು ಆ ಟ್ರೈನಿಂಗ್ ನಡೆಸಿದ್ದ ಮನಸ್ಸಿನ ಡಾಕ್ಟ್ರು ವುಲ್ಫ್‌ಗ್ಯಾಂಗ್ ರುಟ್ಜ್ ಮತ್ತೆ ಜೊತೆಯೋರು ಗಂಡಸರಿಗೇ ಅಂತ ಬೇರೆ ಪ್ರಶ್ನೆಪಟ್ಟಿ ಮಾಡಿದ್ರು. 2013ರಲ್ಲಿ ಅಮೆರಿಕದಲ್ಲೂ ಒಂದು ದೊಡ್ಡ ಸರ್ವೆಯ ಮಾಹಿತಿನ ಹೀಗೆ ಮತ್ತೆ ನೋಡಿದ್ರು, ಮಾಮೂಲಿ ಲಕ್ಷಣಗಳ ಜೊತೆ ಸಿಟ್ಟು, ಕುಡಿತ, ಅಪಾಯಕ್ಕೆ ಕೈ ಹಾಕೋದು ಇವನ್ನೂ ಸೇರಿಸಿ ಎಣಿಸಿದಾಗ ಡಿಪ್ರೆಶನ್ ಗಂಡಸರಲ್ಲಿ 100ಕ್ಕೆ 30.6, ಹೆಂಗಸರಲ್ಲಿ 33.3. ಎರಡು ಪಟ್ಟು ಅಂತಿದ್ದ ಅಂತರ ಎಲ್ಲಿ ಹೋಯ್ತು? ಪೂರ್ತಿ ಹೋಯ್ತು ಅಂತ ನಾನು ಹೇಳಲ್ಲ, ಹಾರ್ಮೋನಿನ ಪ್ರಯೋಗ ಮೇಲೇ ಬರೆದಿದೀನಿ, ಹೊಡೆತ ಬಡಿತದ ಲೆಕ್ಕನೂ ಇದೆ. ಆದ್ರೆ ಅಂತರದ ಒಂದು ಪಾಲು ನಾವು ಏನು ಕೇಳ್ತೀವಿ ಅನ್ನೋದ್ರಲ್ಲೇ ಇದೆ. ಹುಡುಗ ಬಿದ್ದು ಮಂಡಿ ತರಚಿಕೊಂಡ್ರೆ ಹೆಂಗಸಿನ ಥರ ಅಳ್ತೀಯಲ್ಲೋ ಅಂತ ನಾವೇ ಹೇಳ್ಕೊಟ್ಟಿದೀವಿ, ಸಿಟ್ಟು ಮಾಡ್ಕೊಂಡ್ರೆ ಅವರಪ್ಪನ ಥರಾನೇ ಅಂತ ನಕ್ಕಿದೀವಿ, ದೊಡ್ಡೋನಾದ್ಮೇಲೆ ಅವನ ಹತ್ರ ಉಳಿದಿರೋದು ಅದೊಂದೇ ದಾರಿ.

ಕೊನೆ ಲೆಕ್ಕ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂದ್ರೆ, ದೇಶದ ಅಪರಾಧ, ಆತ್ಮಹತ್ಯೆಗಳ ಲೆಕ್ಕ ಇಡೋ ಎನ್‌ಸಿಆರ್‌ಬಿ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರ್ಕೊಂಡ್ರು. ಅದರಲ್ಲಿ 1,22,724 ಗಂಡಸರು. ಹೆಂಗಸರು 48,172, ಅವರಲ್ಲಿ ಅರ್ಧಕ್ಕಿಂತ ಜಾಸ್ತಿ, 25,309 ಜನ, ಗೃಹಿಣಿಯರು. ಟ್ರಾನ್ಸ್‌ಜೆಂಡರ್ ಅಂತ ಬರೆದಿರೋದು 28, ಸತ್ತ ಮೇಲೂ ಎಷ್ಟು ಜನರ ಮನೆಯೋರು ಅವರನ್ನ ಅವರ ಗುರುತಲ್ಲಿ ಬರೆಸಿರ್ತಾರೆ ಅನ್ನೋದು ಯೋಚಿಸಿದ್ರೆ ಆ ಅಂಕಿ ನಂಬೋಕೆ ಮನಸ್ಸು ಒಪ್ಪಲ್ಲ. ಡಿಪ್ರೆಶನ್ ಅಂತ ಗುರುತಿಸೋದು ಹೆಂಗಸರಲ್ಲಿ ಜಾಸ್ತಿ, ಸಾಯೋದು ಗಂಡಸರು ಜಾಸ್ತಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗ ನಂಗೆ ಅನ್ಸೋದು ಇಷ್ಟೇ, ಹೆಂಗಸರ ಅಳು ಕಂಡ್ರೂ ಸ್ವಭಾವ ಅಂತ ತಳ್ಳಿಹಾಕಿದ್ವಿ, ಗಂಡಸರ ಸಿಟ್ಟು ಕಂಡ್ರೂ ಸ್ವಭಾವ ಅಂತ ತಳ್ಳಿಹಾಕಿದ್ವಿ.

ಇದನ್ನ ಓದ್ತಿರೋರಿಗೆ ಯಾರಿಗಾದ್ರೂ ಈಗ ಬೇಕಿದ್ರೆ ಬರ್ಕೊಳ್ಳಿ, ಟೆಲಿ ಮನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416, ದುಡ್ಡಿಲ್ಲ, ಯಾವ ಹೊತ್ತಿಗಾದ್ರೂ, ಕನ್ನಡದಲ್ಲೇ ಮಾತಾಡ್ಬಹುದು. ತಾಲೂಕು ಆಸ್ಪತ್ರೆಲಿ ಮನಸ್ಸಿನ ಡಾಕ್ಟ್ರು ಯಾವ ದಿನ ಬರ್ತಾರೆ ಅಂತ ಆಶಾ ಕಾರ್ಯಕರ್ತೆನ ಕೇಳಿ. ತಾಯಿ ಮಗು ಇಬ್ರನ್ನೂ ಒಟ್ಟಿಗೆ ಇಟ್ಕೊಂಡು ನೋಡೋ ವಾರ್ಡ್ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ನನ್ನ ಆಸೆ ಇನ್ನೊಂದಿದೆ. ಎಡಿನ್‌ಬರೋ ಸ್ಕೇಲ್ ಅಂತ ಬಾಣಂತಿ ಡಿಪ್ರೆಶನ್ ಗುರುತು ಹಿಡಿಯೋ 10 ಪ್ರಶ್ನೆಗಳ ಒಂದು ಪಟ್ಟಿ ಇದೆ, 1987ರದ್ದು, ಕನ್ನಡದಲ್ಲೂ ಇದೆ, ತುಂಬೋಕೆ ಐದು ನಿಮಿಷ ಬೇಡ. ಮಗು ತೂಕ ಬರೆಯೋ ಹಾಗೆ ಇದನ್ನೂ ತಾಯಿ ಕಾರ್ಡಲ್ಲಿ ಬರೆಯೋ ಹಾಗಾಗ್ಬೇಕು. ಅಪ್ಪಂದಿರನ್ನೂ ಕೇಳ್ಬೇಕು, ಯಾಕಂದ್ರೆ ಮಗು ಹುಟ್ಟೋ ಆಸುಪಾಸಲ್ಲಿ 10ರಲ್ಲಿ ಒಬ್ಬ ಅಪ್ಪಂಗೂ ಡಿಪ್ರೆಶನ್ ಬರುತ್ತೆ ಅಂತ 2010ರಲ್ಲಿ ಬೇರೆ ಬೇರೆ ದೇಶದ ಸ್ಟಡಿಗಳನ್ನ ಸೇರಿಸಿ ಲೆಕ್ಕ ಹಾಕಿದಾರೆ. ಅದೇ ಎಡಿನ್‌ಬರೋ ಪಟ್ಟಿನ ಆಸ್ಟ್ರೇಲಿಯಾದಲ್ಲಿ ಅಪ್ಪಂದಿರಿಗೆ ಕೊಟ್ಟು ನೋಡಿದೋರು, ಇವರಿಗೆ ತಾಯಂದಿರಿಗಿಂತ ಎರಡು ಅಂಕ ಕಮ್ಮಿ ಬಂದ್ರೂ ಗಮನ ಕೊಡಿ, ಯಾಕಂದ್ರೆ ಅಳು ಬರುತ್ತೆ ಅನ್ನೋದನ್ನ ಗಂಡಸರು ಒಪ್ಪಲ್ಲ ಅಂತ ಬರೆದಿದಾರೆ.

ಹೋದ ತಿಂಗಳು ನಮ್ಮ ಚಿಕ್ಕಪ್ಪನ ಮಗನ ಮನೇಲಿ ತೊಟ್ಟಿಲು ಶಾಸ್ತ್ರ ಇತ್ತು. ಅಕ್ಕ ಬಾಣಂತಿ ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡ್ಕೊಂಡು ಬಹಳ ಹೊತ್ತು ಕೂತಿದ್ದು ಬಂದ್ಲು. ಆಮೇಲೆ ಹಿತ್ತಲ ಕಡೆ ಹೋದ್ಲು. ಅಲ್ಲಿ ಚಿಕ್ಕಪ್ಪನ ಮಗ ಶಾಮಿಯಾನದೋನ ಜೊತೆ ಬಾಡಿಗೆ ವಿಷಯಕ್ಕೆ ಜೋರು ಜೋರಾಗಿ ಜಗಳ ಆಡ್ತಿದ್ದ, ಎಲ್ಲರೂ ಇವನ ಸಿಟ್ಟು ಗೊತ್ತಲ್ಲ ಅಂತ ದೂರ ನಿಂತಿದ್ರು. ಅಕ್ಕ ಶಾಮಿಯಾನದೋನಿಗೆ ದುಡ್ಡು ಕೊಟ್ಟು ಕಳಿಸಿ "ರಾತ್ರಿ ನಿದ್ದೆ ಬರ್ತಿದ್ಯೇನಪ್ಪಾ ನಿಂಗೆ?" ಅಂತ ಕೇಳಿದ್ಲು. ಅವನು ಮೊಬೈಲ್ ತೆಗೆದ, ಮತ್ತೆ ಜೇಬಿಗೆ ಹಾಕ್ಕೊಂಡ. ಕಾಯಿ ರಾಶಿ ಪಕ್ಕ ಅಕ್ಕ ಒಂದು ಚೇರ್ ಎಳೆದು ಕೂತ್ಲು, ಸ್ವಲ್ಪ ಹೊತ್ತಾದ್ಮೇಲೆ ಅವನೂ ಇನ್ನೊಂದು ಎಳ್ಕೊಂಡ. ನಾನು ಒಳಗೆ ಹೋಗಿ ಎರಡು ಲೋಟ ಕಾಫಿ ತಂದು ಅವರ ಹತ್ರ ಇಟ್ಟು ಬಂದೆ.